ಮಂದೆ ಹುಡುಕುವ ಕಾರು

ಕಾರಿನ ಡ್ಯಾಶ್‌ಬೋರ್ಡಿಗೆ ಗರಗಸ ಹಾಕಿದ ಭಾನುವಾರ ನನಗೆ ಚೂರೂ ಹೆದರಿಕೆ ಇರಲಿಲ್ಲ. ಹೆದರಿದ್ದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ.

"ಅದು ಮುರಿದ್ರೆ ಮತ್ತೆ ಸಿಗಲ್ಲ ಕಣ್ರಿ. ಈ ಕಾರು ಮಾಡೋದನ್ನೇ ಕಂಪನಿಯೋರು ನಿಲ್ಸಿ ಎಷ್ಟೋ ವರ್ಷ ಆತು" ಎಂದಳು.

"ಮುರಿಯಾಕೆ ನಾನೇನು ಸೌದೆ ಒಡೆಯಾಕೆ ಕುಂತೀನಾ?" ಎಂದೆ.

ಇಪ್ಪತ್ತು ವರ್ಷದಿಂದ ಚನ್ನಗಿರಿಯ ಒಂದು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿರುವವನು ನಾನು. ಮನೆ ಹೊನ್ನಾಳಿಯಲ್ಲಿ. ಬೆಸುಗೆ ಹಾಕುವುದರಲ್ಲಿ ಹೊನ್ನಾಳಿಯಲ್ಲಿ ನನ್ನ ಸಮ ಯಾರೂ ಇಲ್ಲ ಎಂದು ನಾನೇ ಹೇಳಿಕೊಂಡರೆ ಜನ ನಗುತ್ತಾರೆ. ಆದರೆ ಟಿವಿ ಕೆಟ್ಟರೆ ನಮ್ಮ ಮನೆಗೇ ಹೊತ್ತುಕೊಂಡು ಬರುತ್ತಾರೆ. ಹಾಗಾಗಿ ಮೂರನೆಯ ಕೈಗೆ ಬಂದ ಒಂದು ಮುದಿ ಕಾರಿನ ಕ್ಯಾಸೆಟ್ ಪ್ಲೇಯರ್ ಕಿತ್ತು, ಆ ಜಾಗದಲ್ಲಿ ಹೊಸ ಕಾರುಗಳಲ್ಲಿರುವಂಥ ದಾರಿ ತೋರಿಸುವ ಪರದೆ ಕೂರಿಸುವುದು ನನಗೆ ದೊಡ್ಡ ಮಾತಾಗಿರಲಿಲ್ಲ. ದೊಡ್ಡ ಮಾತಾಗಿದ್ದದ್ದು ಅದರ ಹಿಂದಿದ್ದ ನಾಲ್ಕು ವಾರದ ಗಡುವು.

ನನ್ನ ಹೆಂಡತಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ಅವಳು ಡಾಕ್ಟರಲ್ಲ, ಲಸಿಕೆ ಹಾಕುವ ಪಶುವೈದ್ಯಕೀಯ ಪರೀಕ್ಷಕಿ. ಆದರೆ ಕುರಿಗೆ ಸೂಜಿ ಚುಚ್ಚುವವರನ್ನೆಲ್ಲ ನಮ್ಮ ಕಡೆ ಡಾಕ್ಟ್ರು ಅಂತಲೇ ಕರೆಯುವುದು. ಹದಿನಾಲ್ಕು ವರ್ಷ ನ್ಯಾಮತಿ ತಾಲ್ಲೂಕಿನಲ್ಲೇ ಇದ್ದಳು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಮನೆ. ಆಮೇಲೆ ಬಡ್ತಿ ಬಂತು, ಬಡ್ತಿಯ ಜೊತೆಗೆ ಜಗಳೂರು ಬಂತು. ಹೊನ್ನಾಳಿಯಿಂದ ಜಗಳೂರಿಗೆ ದಿನಾ ಓಡಾಡುವ ಮಾತೇ ಇಲ್ಲ. ಅಲ್ಲೇ ಒಂದು ಕೋಣೆ ಹಿಡಿದಳು. ಶನಿವಾರ ಸಂಜೆ ಮನೆಗೆ ಬರುವುದು, ಭಾನುವಾರ ಊಟ ಮಾಡಿ ಹೊರಡುವುದು ಎಂದಾಯಿತು.

ಅವಳ ಅಪ್ಪ ಅಮ್ಮ ಸವಳಂಗದಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದವರು. ಆ ಮನೆಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲನೆಯವಳು ಅವಳೇ. ಬಡ್ತಿಯ ಸುದ್ದಿ ಕೇಳಿ ಮಾವನವರು ಬಸ್ಸಿನಲ್ಲಿ ಬಂದು, ಅಂಗೈಯಗಲದ ಬುದ್ಧನ ಮೂರ್ತಿಯೊಂದನ್ನು ಕಾರಿನ ಗಾಜಿನ ಮುಂದೆ ತಮ್ಮ ಕೈಯಾರೆ ಅಂಟಿಸಿ, "ಇನ್ನು ಇದು ಮೇಡಮ್ಮೋರ ಗಾಡಿ" ಎಂದು ಹೇಳಿ ಹೋಗಿದ್ದರು. ಅಲ್ಲಿಯತನಕ ಮದುವೆ ಮುಂಜಿಗೆ ಮಾತ್ರ ಹೊರಗೆ ಬರುತ್ತಿದ್ದ ಕಾರು ಅವತ್ತಿನಿಂದ ಅವಳದಾಯಿತು. ಅವಳ ಹುದ್ದೆಗೆ ಜೀಪು ಬರುವುದಿಲ್ಲ, ಬಸ್ಸು ಕುರಿಗಳಿರುವಲ್ಲಿಗೆ ಹೋಗುವುದಿಲ್ಲ. ಕಾರು ಓಡಿಸುವುದರಲ್ಲಿ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ಎಲ್ಲಿಗೆ ಓಡಿಸಬೇಕು ಎನ್ನುವುದರಲ್ಲಿ.

ಜಗಳೂರಿನ ಬಯಲು ನೋಡಿದವರಿಗೆ ಗೊತ್ತು. ಮೆಕ್ಕೆಜೋಳದ ಹೊಲ, ಶೇಂಗಾ ಹೊಲ, ಮತ್ತೆ ಮೆಕ್ಕೆಜೋಳದ ಹೊಲ. ನಡುವೆ ಬಂಡಿದಾರಿಗಳು, ಎಲ್ಲವೂ ಒಂದೇ ಅಚ್ಚಿನವು. ಕುರಿಗಾರರು ಮಂದೆಯನ್ನು ಊರಲ್ಲಿ ಕೂಡುವುದಿಲ್ಲ, ಹೊಲಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲು ಸ್ವಲ್ಪ ಏರಿದ ಕೂಡಲೇ ಮೇಯಲು ಬಿಡುತ್ತಾರೆ. ಬಿಟ್ಟ ಮೇಲೆ ಮುಗಿಯಿತು, ಇನ್ನೂರು ಮುನ್ನೂರು ಕುರಿಯನ್ನು ಮತ್ತೆ ಗುಂಪುಗೂಡಿಸಿ ಲಸಿಕೆ ಹಾಕುವುದು ಯಾರಿಂದಲೂ ಆಗದು. ಅದಕ್ಕೇ ಅವಳು ಐಸಿನ ಡಬ್ಬಿಯಲ್ಲಿ ಕರುಳುಬೇನೆಯ ಲಸಿಕೆ ಇಟ್ಟುಕೊಂಡು, ಕುರಿ ಬಿಡುವ ಮುಂಚೆ ಮಂದೆ ಮುಟ್ಟಬೇಕು. ಮೊದಲ ಎರಡು ವಾರದಲ್ಲಿ ಮೂರು ಸಲ ದಾರಿ ತಪ್ಪಿದಳು. ಎರಡು ಸಲ ಖಾಲಿ ಹೊಲ ನೋಡಿ ಬಂದಳು. ಮೂರನೆಯ ಸಲ ಹೋಗುವಷ್ಟರಲ್ಲಿ ಸತ್ತ ಹತ್ತು ಕುರಿಗಳನ್ನು ಬದುವಿನ ಮೇಲೆ ಸಾಲಾಗಿ ಮಲಗಿಸಿದ್ದರಂತೆ. ಕುರಿಗಾರ ಒಂದು ಮಾತೂ ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದಳು.

ಆ ಶನಿವಾರ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಮೆಟ್ಟಿಲ ಮೇಲೆ ಕುಳಿತಳು. "ದಾರಿ ಗೊತ್ತಿಲ್ದೋಳು ಅಲ್ಲಿದ್ದು ಏನು ಉಪಯೋಗ ಹೇಳ್ರಿ? ಬಡ್ತಿ ಬ್ಯಾಡ ಅಂತ ಬರ್ಕೊಟ್ಟು ಬಂದ್ಬಿಡ್ತೀನಿ. ನಾಲ್ಕು ವಾರ ಟೈಮೈತೆ, ಅಲ್ಲೀತನಕ ನ್ಯಾಮತಿ ಜಾಗ ಯಾರಿಗೂ ಕೊಡಲ್ಲ ಅಂದಾರೆ" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಹದಿನಾಲ್ಕು ವರ್ಷ ಕಾದ ಬಡ್ತಿಯನ್ನು ಬೇಡ ಎಂದು ಬರೆದುಕೊಟ್ಟು ಬಂದ ಮೇಲೆ ಸವಳಂಗದಲ್ಲಿ ಅಪ್ಪನ ಮುಂದೆ ಹೇಗೆ ನಿಲ್ಲುತ್ತಾಳೆ?

"ಬರ್ಕೊಡಬ್ಯಾಡ. ದಾರಿ ನಾನು ತೋರಿಸ್ತೀನಿ" ಎಂದೆ. ಹೇಳಿದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಹೀಗೆ ಗರಗಸ ಹಾಕಿದ್ದು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಪ್ರತಿ ಭಾನುವಾರ ಉಸ್ತುವಾರಿ ಮಾಡುತ್ತಿದ್ದರು. ಅವರಿಗೆ ನನ್ನ ಕೆಲಸಕ್ಕಿಂತ ನನ್ನ ಸಿಟ್ಟು ನೋಡುವುದರಲ್ಲಿ ಆಸಕ್ತಿ.

"ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಯಾಕ್ರಿ? ಫೋನಿಗೆ ಒಂದು ಸ್ಟ್ಯಾಂಡು ಹಾಕಿದ್ರೆ ಮುಗೀತಲ್ಲ?" ಎಂದರು.

"ಜಗಳೂರು ಬಿಸಿಲಿಗೆ ಫೋನು ಕಾದು ಅರ್ಧ ದಾರೀಲಿ ಮಲಗ್ತೈತೆ ಸ್ವಾಮಿ. ಸಿಗ್ನಲ್ ಹೋದ್ರೆ ನಕ್ಷೆನೂ ಹೋಗ್ತೈತೆ. ಮೇಲೆ ಆಫೀಸಿನ ಫೋನು ಬೇರೆ ಬರ್ತಾನೇ ಇರ್ತಾವೆ. ನಿಮ್ಮ ಬಸ್ಸಿನಂಗೆ ಒಂದೇ ರೂಟಲ್ಲಿ ಓಡೋ ಗಾಡಿ ಅಲ್ಲ ಇದು" ಎಂದೆ. ಅವರು ಸಂತೋಷವಾಗಿ ನಕ್ಕರು.

ನಾನು ಮಾಡಿದ್ದು ಇಷ್ಟು. ಕೈಯಗಲದ ಒಂದು ಕಂಪ್ಯೂಟರ್ ಬೋರ್ಡು ತರಿಸಿದೆ, ಅದಕ್ಕೆ ಏಳು ಇಂಚಿನ ಮುಟ್ಟುವ ಪರದೆ ಜೋಡಿಸಿದೆ. ಇಡೀ ತಾಲ್ಲೂಕಿನ ನಕ್ಷೆಯನ್ನು ಅದರೊಳಗೇ ತುಂಬಿಸಿದೆ, ಸಿಗ್ನಲ್ಲಿನ ಹಂಗೇ ಬೇಡ ಅಂತ. ಅದು ಯಾರು ಬೇಕಾದರೂ ತಿದ್ದಬಹುದಾದ ಬಿಟ್ಟಿ ನಕ್ಷೆ. ಅದರಲ್ಲಿ ಇಲ್ಲದ ಬಂಡಿದಾರಿಗಳನ್ನು ಉಪಗ್ರಹದ ಚಿತ್ರ ನೋಡಿ ಒಂದೊಂದಾಗಿ ನಾನೇ ಎಳೆದೆ. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟು, ಬೋರ್ಡಿಗೆ ಬೇಕಾದ್ದು ಐದು. ಅದನ್ನು ಇಳಿಸುವ ಸರ್ಕ್ಯೂಟು ಸುಲಭದ್ದೇ. ಆದರೆ ಮುದಿ ಕಾರು ಸ್ಟಾರ್ಟ್ ಆಗುವಾಗ ಕೆಮ್ಮಿ ಕರೆಂಟೆಲ್ಲ ಎಳೆದುಕೊಳ್ಳುತ್ತದೆ, ಬೋರ್ಡು ಅರ್ಧಕ್ಕೇ ಸತ್ತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಂಜಿನ್ ಹಿಡಿದು ಹತ್ತು ಸೆಕೆಂಡು ಆದ ಮೇಲಷ್ಟೇ ಬೋರ್ಡಿಗೆ ಕರೆಂಟು ಬಿಡುವ ಒಂದು ರಿಲೇ ಹಾಕಿ ಅದನ್ನೂ ದಾರಿಗೆ ತಂದೆ. ಬಿಸಿಲಿಗೆ ಹಳೆಯ ಕಂಪ್ಯೂಟರಿನ ಒಂದು ಫ್ಯಾನು ಕೂರಿಸಿದೆ. ಹಳೆ ಚಿತ್ರಗೀತೆಗಳನ್ನೂ ತುಂಬಿದೆ, ದಾರಿ ಹೇಳುವಾಗ ಹಾಡು ತಾನಾಗಿಯೇ ತಗ್ಗುವಂತೆ ಮಾಡಿದೆ. ಹಿಂದೆ ಬರುವಾಗ ಕುರಿಮರಿ ಚಕ್ರಕ್ಕೆ ಸಿಗಬಾರದು ಎಂದು ಒಂದು ಕ್ಯಾಮೆರಾ ಹಾಕಿದೆ. ಇದೆಲ್ಲ ಎರಡೇ ಭಾನುವಾರದಲ್ಲಿ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಹೊಸ ಕಾರುಗಳಲ್ಲಿ ಕಂಪನಿಯವರೇ ಕೂರಿಸಿದ್ದನ್ನು ನೋಡಿದ್ದೇನೆ, ನನ್ನದು ಅದಕ್ಕಿಂತ ಚೊಕ್ಕವಾಗಿತ್ತು.

ಜಗಳವಾದದ್ದು ಎರಡೇ ವಿಷಯಕ್ಕೆ. ಮೊದಲನೆಯದು ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ. ಅದಕ್ಕೆ ಗಾಜಿನಡಿ, ಆಕಾಶ ಕಾಣುವ ಜಾಗ ಬೇಕು, ಆ ಜಾಗದಲ್ಲಿ ಬುದ್ಧ ಕೂತಿದ್ದ. "ಒಂದು ನಾಲ್ಕು ಬೆರಳು ಸರಿಸ್ತೀನಿ" ಎಂದೆ. "ಅಪ್ಪ ಅಂಟ್ಸಿದ್ದು. ಸರಿಸಿದ್ರೆ ಕಾರಿಗೇ ಹತ್ತಲ್ಲ" ಎಂದಳು. ಕೊನೆಗೆ ಆಂಟೆನಾ ಬುದ್ಧನ ಬೆನ್ನ ಹಿಂದೆ ಕೂತಿತು, ಕೆಲಸವನ್ನೂ ಚೆನ್ನಾಗಿಯೇ ಮಾಡಿತು.

ಎರಡನೆಯದು ಧ್ವನಿ. ಯಂತ್ರದ ಕನ್ನಡ ವಾರ್ತೆ ಓದಿದ ಹಾಗಿತ್ತು. ಅದಕ್ಕೆ ನಾನೇ, ತರಗತಿಯಲ್ಲಿ ಪಾಠ ಮಾಡುವ ಗಂಟಲಿನಲ್ಲಿ, ಎಲ್ಲ ಮಾತನ್ನೂ ರೆಕಾರ್ಡ್ ಮಾಡಿದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನೇರ ಹೋಗಿ, ನೀವು ತಲುಪಿದ್ದೀರಿ. ಅವಳು ಒಂದು ಸುತ್ತು ಹೊಡೆದು ಬಂದು ಕಾರಿನಿಂದ ಇಳಿಯದೆಯೇ ಕೇಳಿದಳು, "ಮನೇಲಿ ಹೇಳೋದು ಸಾಲ್ದು ಅಂತ ಕಾರಲ್ಲೂ ನೀವೇ ಹೇಳಾಕೆ ಕುಂತೀರೇನು?" ಕಂಡಕ್ಟರು ಕಾಂಪೌಂಡಿನ ಆಚೆ ಕೆಮ್ಮಿದರು. ನಾನು ಧ್ವನಿ ಬದಲಿಸಲಿಲ್ಲ. ನನ್ನ ಧ್ವನಿ ಸ್ಪಷ್ಟವಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಮೂರನೆಯ ಭಾನುವಾರ ಇಬ್ಬರೂ ಜಗಳೂರಿಗೆ ಹೋದೆವು. ಇಡೀ ದಿನ ಬಂಡಿದಾರಿಗಳಲ್ಲಿ ಅಲೆದು ಹನ್ನೆರಡು ಮಂದೆ ಹುಡುಕಿ, ಒಂದೊಂದರ ಜಾಗದ ಮೇಲೂ ನಕ್ಷೆಯಲ್ಲಿ ಕೆಂಪು ಗುರುತು ಹಾಕಿದೆ. ಎಂಟನೆಯದೋ ಒಂಬತ್ತನೆಯದೋ ಗುರುತು ಹಾಕುವಾಗ ಅವಳು, "ಇವ್ರು ಒಂದೇ ಕಡೆ ಇರಲ್ಲ ಕಣ್ರಿ, ಎದ್ದು ಹೋಗ್ತಿರ್ತಾರೆ" ಎಂದಳು. "ಹೋದ್ರೆ ಎಷ್ಟು ದೂರ ಹೋಗ್ತಾರೆ, ಕಣ್ಣಿಗೆ ಬೀಳ್ತಾರೆ ಬಿಡು" ಎಂದೆ. ಹನ್ನೆರಡು ಕೆಂಪು ಚುಕ್ಕೆಗಳ ಪರದೆಯನ್ನು ಫೋಟೋ ಹೊಡೆದು ಕಂಡಕ್ಟರಿಗೂ ಕಳಿಸಿದೆ. ಅಷ್ಟು ಹೆಮ್ಮೆ.

ನನ್ನ ತಪ್ಪಿಗೆ ನಾನು ಹುಟ್ಟಿದ ಜಾಗವೂ ಸ್ವಲ್ಪ ಕಾರಣ. ನಮ್ಮದು ಕತ್ತಲಗೆರೆ ಕಡೆಯ ನೀರಾವರಿ ಸೀಮೆ. ಅಲ್ಲಿ ಗದ್ದೆ ಇದ್ದಲ್ಲೇ ಇರುತ್ತದೆ, ನಾಲೆ ಇದ್ದಲ್ಲೇ ಇರುತ್ತದೆ, ಕೊಟ್ಟಿಗೆಯ ಗೂಟ ನನ್ನ ತಾತ ನೆಟ್ಟಲ್ಲೇ ಇದೆ. ದನ ಎಲ್ಲಿದೆ ಎಂದು ಯಾರನ್ನೂ ಕೇಳಿ ಗೊತ್ತಿಲ್ಲ. ಜಗಳೂರಿನಲ್ಲಿ ಕುರಿಯ ಗೊಬ್ಬರಕ್ಕೆ ಬೆಲೆ. ಒಂದು ಹೊಲದಲ್ಲಿ ನಾಲ್ಕು ರಾತ್ರಿ ಮಂದೆ ನಿಂತರೆ ಹೊಲ ಮೇಲಾಗುತ್ತದೆ, ಐದನೆಯ ದಿನ ಇನ್ನೊಬ್ಬರು ತಮ್ಮ ಹೊಲಕ್ಕೆ ಕರೆಯುತ್ತಾರೆ. ಮಂದೆ ಎದ್ದು ಹೊರಡುತ್ತದೆ. ಆ ಊರಿನವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ನನ್ನಂಥ ಗದ್ದೆಯ ಬದುವಿನ ಜಾಣನಿಗೆ ಮಾತ್ರ ಕಲಿಸಬೇಕಾಯಿತು.

ಸೋಮವಾರ, ಮಂಗಳವಾರ, ಬುಧವಾರ ಎಲ್ಲ ಸಲೀಸು. ಮೂರು ಮಂದೆಗೆ ಲಸಿಕೆಯಾಯಿತು. ನಾನು ಐಟಿಐಯಲ್ಲಿ ಕಾಲರ್ ಎತ್ತಿಕೊಂಡು ಓಡಾಡಿದೆ. ಗುರುವಾರ ಬೆಳಗ್ಗೆ ಚನ್ನಗಿರಿ ಬಸ್ಸಿನಲ್ಲಿದ್ದಾಗ ಅವಳ ಫೋನು ಬಂತು.

"ನಾನು ತಲುಪಿದೀನಂತೆ. ನೀವೇ ಹೇಳ್ತಿದೀರಿ, ಕೇಳ್ರಿ" ಎಂದಳು. ಹಿಂದಿನಿಂದ ನನ್ನದೇ ಧ್ವನಿ, ಸ್ಪಷ್ಟವಾಗಿ, "ನೀವು ತಲುಪಿದ್ದೀರಿ" ಎಂದಿತು. "ಇಲ್ಲಿ ಕುರಿ ಹಿಕ್ಕೆ ಬಿಟ್ರೆ ಏನೂ ಇಲ್ಲ."

"ಸರಿಯಾಗಿ ನೋಡು, ಅಲ್ಲೇ ಐತೆ" ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

"ಮುನ್ನೂರು ಕುರಿ ಕಣ್ರಿ. ನೋಡಿದ್ರೆ ಕಾಣ್ತಿರಲಿಲ್ಲೇನು? ಮೊನ್ನೇನೇ ಎದ್ದು ಹೋಗ್ಯಾರೆ. ನಾನು ಹೇಳಿದ್ನಲ್ಲ ನಿಮಗೆ. ಐಸು ಕರಗ್ತಾ ಐತೆ. ಇಡ್ತೀನಿ" ಎಂದಳು. ಶುಕ್ರವಾರವೂ ಅದೇ ಕಥೆ. ರಾತ್ರಿ ಊಟಕ್ಕೆ ಕೂರುವ ಮುಂಚೆ ಫೋನು ಮಾಡಿ, "ಬರ್ಕೊಡ್ತೀನಿ ರೀ, ಇನ್ನು ಎಳೆಯೋದು ಬ್ಯಾಡ" ಎಂದಳು.

ಈಗ ಒಂದು ನಿಜ ಹೇಳಬೇಕು. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಯಂತ್ರ ಸೋತ ಸಿಟ್ಟು ಒಂದು ಕಡೆ ಇತ್ತು, ಆದರೆ ಅದರ ಕೆಳಗೆ ಅವಳು ಮನೆಗೆ ಬರುತ್ತಾಳೆ ಎನ್ನುವ ಸಂತೋಷವೂ ಇತ್ತು. ಅವಳಿಲ್ಲದ ಐದು ವಾರದಲ್ಲಿ ನಾನು ಅನ್ನಕ್ಕೆ ಮೊಸರು ಕಲಸಿಕೊಂಡು ನಿಂತುಕೊಂಡೇ ಉಂಡಿದ್ದೇ ಹೆಚ್ಚು. ಮಾತಾಡಲು ಕಂಡಕ್ಟರು ಒಬ್ಬರೇ. ಸುಮ್ಮನೆ "ಆಯ್ತು, ಬಾ" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನ್ನ ಧ್ವನಿಯೇ ಅವಳನ್ನು ಖಾಲಿ ಹೊಲದಲ್ಲಿ ನಿಲ್ಲಿಸಿ ತಲುಪಿದ್ದೀರಿ ಎಂದಿತ್ತಲ್ಲ, ಅದನ್ನು ನುಂಗಿಕೊಳ್ಳಲು ಆಗಲಿಲ್ಲ. "ನಾಳೆ ಕಾರು ತಗೊಂಡು ಬಾ. ಬರೆಯೋದು ಆಮೇಲೆ ನೋಡಾಣ" ಎಂದೆ.

ಶನಿವಾರ ಬಂದಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಚಹಾ ಕುಡಿಯುತ್ತಾ ತನ್ನ ಫೋನು ತೆಗೆದು ಒಂದು ಧ್ವನಿ ಸಂದೇಶ ಹಾಕಿದಳು. ವಯಸ್ಸಾದ ಹೆಂಗಸಿನ ಗಂಟಲು, ಹಿಂದೆ ಕುರಿಗಳ ಅರಚಾಟ.

"ಡಾಕ್ಟ್ರಮ್ಮಾ, ನಾವು ಅಲ್ಲಿಲ್ಲ ಕಣವ್ವ. ಜೋಡಿಬಾವಿ ಹತ್ರ ಬಂದು ನಿಂತ್ಕಂಡು ಮೂಡ್ಲಾಗೆ ನೋಡು, ಒಂಟಿ ಬೇವಿನಮರ ಕಾಣ್ತೈತೆ. ಅದ್ರ ತೆಂಕ್ಲಿಗೆ ಬಂಡಿದಾರಿ ಹಿಡ್ಕಂಡು ಬಾ. ಹಳ್ಳ ದಾಟಿದ್ರೆ ನಾಯಿ ಬೊಗಳ್ತಾವೆ, ಹೆದರಬ್ಯಾಡ, ಅವು ನಮ್ಮವೇ."

ಹತ್ತು ಕುರಿ ಸತ್ತ ಮಂದೆಯ ಅಜ್ಜಿ ಇದೇ ಎಂದಳು. ಮಂದೆ ಎದ್ದ ದಿನ ಸಂಜೆ ಅಜ್ಜಿ ಮಗನ ಫೋನಿನಲ್ಲಿ ಹೀಗೆ ಹೇಳಿ ಕಳಿಸುತ್ತದಂತೆ. ಉಳಿದವರೂ ಕೇಳಿದರೆ ಕಳಿಸುತ್ತಾರಂತೆ. ಯಾರೂ ಎಡ ಬಲ ಎನ್ನುವುದಿಲ್ಲ, ಎಲ್ಲರದೂ ಮೂಡಲು ಪಡುವಲು, ತೆಂಕಲು ಬಡಗಲು. ಆದರೆ ಕಾರು ಓಡಿಸುತ್ತಾ ಫೋನಿನಲ್ಲಿ ಹುಡುಕಿ ಕೇಳಲು ಆಗುವುದಿಲ್ಲ, ಮೋಡ ಕವಿದ ಬೆಳಗ್ಗೆ ಮೂಡಲು ಯಾವುದು ಎಂದೂ ತಿಳಿಯುವುದಿಲ್ಲ.

"ಆ ಜೋಡಿಬಾವಿ ಬಂದಾಗ ಈ ಅಜ್ಜಿ ಮಾತು ತಾನೇ ಹೇಳೋ ಹಂಗೆ ಮಾಡಾಕೆ ಆಗಲ್ವೇನ್ರಿ?" ಎಂದಳು. "ಬಾವಿ ಎದ್ದು ಹೋಗಲ್ಲ. ಬೇವಿನಮರ ಎದ್ದು ಹೋಗಲ್ಲ. ಅವನ್ನ ಗುರುತು ಹಾಕಿ, ಮಂದೇನಲ್ಲ."

ಇಪ್ಪತ್ತು ವರ್ಷ ಪಾಠ ಮಾಡಿ, ಹನ್ನೆರಡು ಚುಕ್ಕೆ ಇಟ್ಟು ಫೋಟೋ ಹೊಡೆದವನು ನಾನು. ಸರಿಯಾದ ಯೋಚನೆ ಹೊಳೆದದ್ದು ಅವಳಿಗೆ. ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿದೆ ಕೂಡ. "ನಾಚಿಕೆ ಪಟ್ಟಿದ್ದು ಸಾಕು, ಬೆಸುಗೆ ಹಚ್ರಿ" ಎಂದಳು.

ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಯಂತ್ರವನ್ನು ಪೂರ್ತಿ ಬಿಚ್ಚಿ ಬೇರೆ ಮಾಡಿದೆ. ಕೆಂಪು ಚುಕ್ಕೆಗಳನ್ನೆಲ್ಲ ಅಳಿಸಿದೆ. ಬಾವಿ, ಒಂಟಿಮರ, ಕೆರೆಯ ಏರಿ, ಹಾಳು ಗೋಡೌನು, ಇಂಥ ಅಲುಗಾಡದ ಜಾಗಗಳನ್ನು ಅವಳು ಹೇಳಿದ ಹಾಗೆ ನಕ್ಷೆಗೆ ಹಾಕಿದೆ. ಕುರಿಗಾರರ ಸಂದೇಶ ಬಂದರೆ ಅವಳು ಹಿಂದಿನ ಸಂಜೆ ಕೋಣೆಯಲ್ಲಿ ಕೂತು ಫೋನಿನಲ್ಲೇ ಅದನ್ನು ಆ ಜಾಗಕ್ಕೆ ಅಂಟಿಸಿ ಇಡಬೇಕು, ಬೆಳಗ್ಗೆ ಕಾರು ಹತ್ತಿದಾಗ ಅದು ಯಂತ್ರಕ್ಕೆ ಇಳಿಯುತ್ತದೆ, ಕಾರು ಆ ಜಾಗ ಮುಟ್ಟಿದ ಕೂಡಲೇ ಹಾಡು ತಗ್ಗಿ ಅವರ ಮಾತು ಬರುತ್ತದೆ. ಪರದೆಯ ನಾಲ್ಕು ಅಂಚಿಗೆ ನಾಲ್ಕು ದಿಕ್ಕುಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ, ಕಾರು ತಿರುಗಿದ ಹಾಗೆ ಅವೂ ತಿರುಗುತ್ತವೆ, ಮೋಡವಿರಲಿ ಮಂಜಿರಲಿ, ಮೂಡಲು ಎಲ್ಲಿದೆ ಎಂದು ಅದು ತೋರಿಸುತ್ತದೆ. ಮಾತು ಮತ್ತೆ ಕೇಳಲು ಸ್ಟೀರಿಂಗಿನ ಪಕ್ಕ ಒಂದು ದೊಡ್ಡ ಗುಂಡಿ ಕೂರಿಸಿದೆ, ಸಗಣಿ ಮೆತ್ತಿದ ಕೈಯಿಂದಲೂ ಒತ್ತಬಹುದಾದ್ದು. ಕೊನೆಗೆ ನನ್ನ ಧ್ವನಿಯನ್ನು ತೆಗೆದುಹಾಕಿದೆ. ಅಳಿಸಲೇ ಎಂದು ಯಂತ್ರ ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದೆ.

ಗಡುವಿಗೆ ಕೊನೆಯ ವಾರ. ನಾಲ್ಕು ದಿನ ಫೋನಿನಲ್ಲಿ ಅವಳು "ಪರ್ವಾಗಿಲ್ಲ, ನಡೀತೈತೆ" ಎಂದಷ್ಟೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಗುರುವಾರ ಸಂಜೆ ರಜೆ ಬರೆದುಕೊಟ್ಟು ಜಗಳೂರು ಬಸ್ಸು ಹತ್ತಿದೆ. ಶುಕ್ರವಾರ ಬೆಳಕು ಹರಿಯುವಾಗ ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದೆ, ಐಸಿನ ಡಬ್ಬಿ ನನ್ನ ಕಾಲ ನಡುವೆ.

ಅವತ್ತು ಮೋಡ ಮುಸುಕಿತ್ತು. ಊರು ದಾಟಿ ಮಣ್ಣಿನ ದಾರಿಗೆ ಇಳಿದ ಮೇಲೆ ನನಗೆ ಹೊಲಗಳೆಲ್ಲ ಒಂದೇ ಥರ ಕಂಡವು. ಒಂದು ಕವಲು ಬಂತು. "ಎಡಕ್ಕೆ ಅನ್ನಿಸ್ತೈತೆ" ಎಂದೆ. "ಸುಮ್ಕಿರ್ರಿ, ಈಗ ಅಜ್ಜಿ ಹೇಳ್ತೈತೆ" ಎಂದಳು. ಅಷ್ಟರಲ್ಲಿ ಹಾಡು ತಗ್ಗಿತು, ಜೋಡಿಬಾವಿ ಬಂದಿತ್ತು. ಈ ಸಲ ಮಂದೆ ಬೇರೆ ಹೊಲದಲ್ಲಿತ್ತು, ಮಾತೂ ಬೇರೆ.

"ಡಾಕ್ಟ್ರಮ್ಮಾ, ಈಗ ಪಡುವ್ಲಿಗೆ ಬಾ. ಏರಿ ಮೇಲೆ ಹತ್ತಬ್ಯಾಡ, ನಿನ್ನ ಕಾರು ಹೂತ್ಕಂಡಾತು. ಏರಿ ಕೆಳಗೆ ಬಡಗ್ಲಿಗೆ ಸುತ್ತಾಕ್ಕಂಡು ಬಾ. ಹೊಗೆ ಕಾಣ್ತೈತೆ ನೋಡು, ನಾನು ನೀರು ಕಾಸಾಕೆ ಇಟ್ಟಿರ್ತೀನಿ."

ಪರದೆಯ ಅಂಚಿನಲ್ಲಿ ಪಡುವಲು ಹೊಳೆಯಿತು. ಅವಳು ಬಲಕ್ಕೆ ತಿರುಗಿಸಿದಳು. ಏರಿಯ ಕೆಳಗೆ ಸುತ್ತಿ ಬರುತ್ತಿದ್ದ ಹಾಗೆ ಹೊಗೆ ಕಂಡಿತು, ಆಮೇಲೆ ಸುತ್ತ ಕಟ್ಟಿದ ಬಲೆಯ ಒಳಗೆ ಒತ್ತಾಗಿ ನಿಂತ ಕುರಿಗಳು ಕಂಡವು. ಇನ್ನೂ ಒಂದನ್ನೂ ಬಿಟ್ಟಿರಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ, ಐವತ್ತರ ಹತ್ತಿರದ ಗಂಡಸು. ಅವಳು ಆಗಲೇ ಇಳಿದು ಡಬ್ಬಿ ಎಳೆದುಕೊಂಡಿದ್ದಳು.

ಎರಡು ಗಂಟೆ ಕೆಲಸ ನಡೆಯಿತು. ಅಜ್ಜಿಯ ಮಗ ಕುರಿ ಹಿಡಿದು ಕೊಡುವುದು, ಇವಳು ಸೂಜಿ ಹಾಕುವುದು, ಹಾಕಿದ ಕುರಿಯ ಬೆನ್ನಿಗೆ ನಾನು ನೀಲಿ ಬಣ್ಣ ಬಳಿಯುವುದು. ನ್ಯಾಮತಿಯಲ್ಲಿ ಅವಳ ಕೆಲಸವನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಆ ಕೈ ಎಷ್ಟು ಚುರುಕು, ಎಷ್ಟು ಹಗುರ! ಕುರಿಗೆ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಅಜ್ಜಿ ನನ್ನನ್ನೇ ನೋಡುತ್ತಿದ್ದು, ಕೊನೆಗೆ ಇವಳನ್ನು ಕೇಳಿತು, "ಇವ್ರು ಯಾರವ್ವ? ಡ್ರೈವರ್ರಾ?"

"ಡ್ರೈವರ್ ನಾನೇ ಕಣಜ್ಜಿ. ಇವ್ರು ನಿನ್ನ ಮಾತು ಕಾರಿಗೆ ಕಲಿಸಿದ ಮೇಷ್ಟ್ರು, ನಮ್ಮ ಮನೆಯೋರು" ಎಂದಳು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಿತು.

ಆಗಲೇ ಫೋನು ಬಂತು. ಅವಳ ಎರಡೂ ಕೈ ಕುರಿಯ ಮೇಲಿದ್ದವು. "ಆಫೀಸಿಂದು. ಸ್ಪೀಕರ್ ಹಾಕಿ ಹಿಡಿರಿ" ಎಂದಳು. ನಾನು ಅವಳ ಬಾಯಿಯ ಹತ್ತಿರ ಹಿಡಿದೆ.

"ಮೇಡಂ, ನಾಳೆ ಕೊನೆ ದಿನ. ಬಡ್ತಿ ಬ್ಯಾಡ ಅಂತ ಬರ್ಕೊಡ್ತೀರೋ ಇಲ್ವೋ? ನ್ಯಾಮತಿ ಜಾಗಕ್ಕೆ ಬೇರೆಯೋರು ಕಾಯ್ತಾ ಅದಾರೆ" ಎಂದಿತು ಆ ಕಡೆಯ ಧ್ವನಿ.

ಅವಳು ಒಂದು ಸಲ ನನ್ನ ಮುಖ ನೋಡಿದಳು. ಆ ಕ್ಷಣದಲ್ಲಿ ನನಗೆ ಗೊತ್ತಾಯಿತು, ಇಲ್ಲಿರುವುದು ಬೇಡ ಎಂದು ನಾನು ತಲೆ ಅಡ್ಡ ಆಡಿಸಿದರೆ ಅವಳು ಇನ್ನೊಂದು ದಿನ ಯೋಚನೆ ಮಾಡುತ್ತಾಳೆ. ನಾನು ಏನೂ ಆಡಿಸಲಿಲ್ಲ. ಫೋನು ಅಲುಗಾಡದ ಹಾಗೆ ಹಿಡಿದುಕೊಂಡೆ.

"ಅವ್ರಿಗೇ ಕೊಡ್ರಿ ಸಾರ್" ಎಂದಳು. "ನಾನು ಬರಲ್ಲ. ನಂಗೆ ಇಲ್ಲಿ ಕೆಲ್ಸ ಐತೆ." ಹೇಳಿ ಮುಂದಿನ ಕುರಿಗೆ ಕೈ ಚಾಚಿದಳು. ನಾನು ಫೋನು ಜೇಬಿಗಿಟ್ಟು ನೀಲಿ ಬಣ್ಣದ ಬ್ರಷ್ಷು ಎತ್ತಿಕೊಂಡೆ. ಅವಳ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದುವರೆಗೆ ಯಾವತ್ತೂ ಆಗಿರಲಿಲ್ಲ, ಆ ಹೆಮ್ಮೆಯ ಜೊತೆಗೇ ಬಂದ ಸಂಕಟವನ್ನೂ ಸುಳ್ಳು ಎನ್ನಲಾರೆ.

ಮಧ್ಯಾಹ್ನ ಬಸ್ ನಿಲ್ದಾಣದ ಮುಂದೆ ಕಾರು ನಿಲ್ಲಿಸಿದಳು. ಈ ವಾರ ಮನೆಗೆ ಬರುವುದಿಲ್ಲ, ಇನ್ನೂ ಎರಡು ಮಂದೆ ಬಾಕಿ, ಅವು ಸೋಮವಾರದ ಹೊತ್ತಿಗೆ ಎದ್ದುಬಿಡುತ್ತವೆ ಎಂದಳು. "ನಿಂತ್ಕಂಡು ಉಣಬ್ಯಾಡ್ರಿ. ತಟ್ಟೆ ಹಾಕ್ಕಂಡು ಕೂತು ಉಣ್ರಿ" ಎಂದಳು. ನಾನು ನಿಂತು ಉಣ್ಣುವುದು ಅವಳಿಗೆ ಹೇಗೆ ಗೊತ್ತಾಯಿತೋ.

ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಡುವ ತನಕ ಅವಳು ನಿಂತಿರುತ್ತಾಳೆ ಎಂದುಕೊಂಡು ತಿರುಗಿ ನೋಡಿದೆ. ಅವಳು ಐಸು ಹಾಕಿಸಿಕೊಳ್ಳಲು ಹೋಗಬೇಕಿತ್ತು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಗಿ, ಹತ್ತು ಸೆಕೆಂಡಿಗೆ ಸರಿಯಾಗಿ ಪರದೆ ಬೆಳಗಿ, ನಮ್ಮ ಬಸ್ಸನ್ನು ದಾಟಿಕೊಂಡು ಹೊರಟೇಹೋಯಿತು. ಎಲ್ಲೂ ತಡವರಿಸಲಿಲ್ಲ. ಆ ಕಾರಿನೊಳಗೆ ಒಂದೇ ಒಂದು ವೈರನ್ನೂ ನಾನು ಸಡಿಲ ಬಿಟ್ಟಿರಲಿಲ್ಲ.